ಅಮೀರ್‌ಬಾಯಿಯ ಪ್ಲೇಟು: ಅಸಲೋ, ನಕಲೋ?

ಲತಾ ಮಂಗೇಶ್ಕರ್ ಬರುವ ಮುಂಚೆ ಹಿಂದಿ ಸಿನಿಮಾ ಹಾಡಿನ ದೊಡ್ಡ ಹೆಸರುಗಳಲ್ಲಿ ಒಂದು ನಮ್ಮ ಬಾಗಲಕೋಟೆ ಜಿಲ್ಲೆಯದು. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ನಾಟಕದ ಮನೆತನದಿಂದ ಮುಂಬೈ ಸೇರಿ, 'ಕರ್ನಾಟಕಿ' ಎಂದೇ ಹೆಸರಾದರು. ಸೋದರಿ ಗೋಹರ್‌ಬಾಯಿ ಮರಾಠಿ ರಂಗನಟ ಬಾಲಗಂಧರ್ವರ ಜೊತೆ ರಂಗವೇರಿದರು. 1943ರ 'ಕಿಸ್ಮತ್', ಮರುವರ್ಷದ 'ರತನ್' ಚಿತ್ರಗಳ ಹಾಡುಗಳು ಅಮೀರ್‌ಬಾಯಿಯ ದನಿಯನ್ನು ದೇಶಕ್ಕೆಲ್ಲ ಮುಟ್ಟಿಸಿದವು. ಅವರು ತೀರಿಕೊಂಡದ್ದು 1965ರಲ್ಲಿ. ಅವರ ಬದುಕನ್ನು ಲೇಖಕ ರಹಮತ್ ತರೀಕೆರೆ ಪುಸ್ತಕವಾಗಿಸಿದ್ದಾರೆ. ವಿಜಯಪುರದ ಅಮೀರ್ ಟಾಕೀಸಿಗೂ ಅವರದೇ ಹೆಸರು. ಉಳಿದದ್ದೆಲ್ಲ ಗ್ರಾಮಫೋನ್ ಪ್ಲೇಟುಗಳಲ್ಲಿದೆ.

ಭಾರತದಲ್ಲಿ ಪ್ಲೇಟಿಗೆ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. 1908ರಲ್ಲಿ ಅಲ್ಲಿಯೇ ಪ್ಲೇಟಿನ ಕಾರ್ಖಾನೆ ಆಯಿತು. ಆಗಿನ ಪ್ಲೇಟು ಅರಗಿನದು. ನಿಮಿಷಕ್ಕೆ 78 ಸುತ್ತು, ಹತ್ತಿಂಚಿನದಾದರೆ ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು. ವಿನೈಲಿನ ಎಲ್ಪಿ ಬಂದದ್ದು ಆಮೇಲೆ.

ಹಳೆಯ ದನಿಗೆ ಬೆಲೆ ಬಂದಂತೆ ಕಳ್ಳಪ್ರತಿಗಳೂ ಬಂದವು. ಮೊದಲು ಕೈಗೆತ್ತಿ ನೋಡಬೇಕು. ಅರಗಿನ ಪ್ಲೇಟು ಭಾರ, ಬಾಗುವುದಿಲ್ಲ, ಬಿದ್ದರೆ ಒಡೆಯುತ್ತದೆ. ಎಲ್ಪಿಯಂತೆ ಹಗುರಾಗಿ ಬಾಗುವ ತಟ್ಟೆಯನ್ನು '1943ರದು' ಎಂದು ಮಾರಿದರೆ ನಂಬಬೇಡಿ.

ನಿಜವಾದ ಪರೀಕ್ಷೆ ನಡುವಿನಲ್ಲಿದೆ. ಇಳಕಲ್ ಸೀರೆ ಬಲ್ಲವರು ಸೆರಗು ಒಡಲಿಗೆ ಕೂಡುವ ಕೊಂಡಿಯನ್ನು ನೋಡುವಂತೆ, ಪ್ಲೇಟು ಬಲ್ಲವರು ಹಾಡು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಪಟ್ಟಿಯನ್ನು ನೋಡುತ್ತಾರೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅಲ್ಲಿ ಸಣ್ಣ ಅಕ್ಷರ, ಅಂಕಿಗಳು ಕಾಣುತ್ತವೆ. ಅದು ಮೂಲ ಅಚ್ಚಿನ ಸಂಖ್ಯೆ; ಎರಡು ಬದಿಗೆ ಎರಡು ಬೇರೆ. ಸಂಖ್ಯೆಯೇ ಇಲ್ಲದಿದ್ದರೆ, ಅಥವಾ ಹಳೆಯ ಪಟ್ಟಿಗಳಲ್ಲಿ ಆ ಹಾಡಿಗಿರುವ ಸಂಖ್ಯೆಗೆ ಹೊಂದದಿದ್ದರೆ ಅನುಮಾನ ಗಟ್ಟಿ.

ಇನ್ನು ಲೇಬಲ್. ಕಾರ್ಖಾನೆಯಲ್ಲಿ ಬಿಸಿ ಅಚ್ಚಿನಲ್ಲೇ ಕಾಗದವನ್ನೂ ಒತ್ತುತ್ತಿದ್ದರು, ಅಂಟು ಹಾಕುತ್ತಿರಲಿಲ್ಲ. ಉಗುರಿಗೆ ಅಂಚು ಸಿಕ್ಕಿತೆಂದರೆ ಅದು ಆಮೇಲೆ ಅಂಟಿಸಿದ್ದಿರಬಹುದು. ಸ್ಕ್ಯಾನ್ ಮಾಡಿ ಅಚ್ಚು ಹಾಕಿದ ಲೇಬಲ್ಲಿನ ಅಕ್ಷರಗಳು ಭೂತಗನ್ನಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಒಡೆದು ಕಾಣುತ್ತವೆ. ಆದರೆ ಅಪರಿಚಿತ ಹೆಸರು ಕಂಡ ಮಾತ್ರಕ್ಕೆ ನಕಲಿ ಅನ್ನಬೇಡಿ. ಗಾಯಕಿ ಗಂಗೂಬಾಯಿ ಹಾನಗಲ್ಲರ ಮೊದಲ ಪ್ಲೇಟುಗಳ ಮೇಲೆ ಇದ್ದದ್ದು 'ಗಾಂಧಾರಿ'. 1949ರ 'ಮಹಲ್' ಚಿತ್ರದ ಪ್ಲೇಟಿನಲ್ಲಿ ಲತಾ ಬದಲು ಪಾತ್ರದ ಹೆಸರು 'ಕಾಮಿನಿ' ಎಂದಿತ್ತು.

ಕಿವಿಯೂ ಸುಳಿವು ಕೊಡುತ್ತದೆ. ಗೀರಿಲ್ಲದ ಹೊಸ ಪ್ಲೇಟಿನಿಂದ ಹಳೆ ಪ್ಲೇಟಿನ ಚರಚರ ಕೇಳಿದರೆ, ಯಾರೋ ಪ್ಲೇಟು ಹಾಕಿ ಅದನ್ನೇ ಮತ್ತೆ ಮುದ್ರಿಸಿದ್ದಾರೆ.

ಮರುಮುದ್ರಣವೆಲ್ಲ ಕಳ್ಳತನವಲ್ಲ. ನಮ್ಮಲ್ಲಿ ಧ್ವನಿಮುದ್ರಿಕೆಯ ಹಕ್ಕು 60 ವರ್ಷ. 1943ರ ಪ್ಲೇಟಿನದು 2003ರ ಕೊನೆಗೆ ಮುಗಿಯಿತು. ಪ್ರತಿಯನ್ನು ಪ್ರತಿ ಎಂದೇ ಮಾರಿದರೆ ಧ್ವನಿಮುದ್ರಿಕೆಯ ಹಕ್ಕಿನ ತಕರಾರಿಲ್ಲ. ಅಸಲು ಎಂದು ಮಾರುವುದು ಮೋಸ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಹಳೆ ಮನೆಗಳ ಅಟ್ಟದಲ್ಲಿ ಇಂಥ ಪ್ಲೇಟು ಸಿಕ್ಕರೆ ಗುಜರಿಗೆ ಹಾಕಬೇಡಿ. ಎರಡೂ ಬದಿಯ ಸಂಖ್ಯೆ ಬರೆದಿಡಿ, ಒಂದರ ಮೇಲೊಂದು ಹೇರದೆ ನಿಲ್ಲಿಸಿಡಿ. ಧೂಳು ತೆಗೆಯಲು ಸ್ಪಿರಿಟ್ ಮಾತ್ರ ಬೇಡ. ಅರಗು ಅದರಲ್ಲಿ ಕರಗುತ್ತದೆ, ಜೊತೆಗೆ ಹಾಡೂ ಹೋಗುತ್ತದೆ.