ಕಸಿ ಆರಂಭವಾಗುವುದು ತುರ್ತು ಘಟಕದಲ್ಲಿ

ಮಂಗಳೂರು–ಬೆಂಗಳೂರು ಹೆದ್ದಾರಿಯಲ್ಲಿ ಬಿ.ಸಿ.ರೋಡ್ ಬಿಟ್ಟು, ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟಿದರೆ ಸಿಗುವುದು ಮೆಲ್ಕಾರ್. ಇಲ್ಲಿಂದ ಹೆದ್ದಾರಿ ಕಲ್ಲಡ್ಕ, ಮಾಣಿಯತ್ತ ಮುಂದುವರಿದರೆ, ಕವಲೊಡೆಯುವ ಇನ್ನೊಂದು ರಸ್ತೆ ಮುಡಿಪು, ಕೊಣಾಜೆಯ ಮೂಲಕ ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳನ್ನು ಮುಟ್ಟುತ್ತದೆ. ಹೆದ್ದಾರಿಯಲ್ಲಿ ತಲೆಗೆ ಪೆಟ್ಟಾದವರನ್ನು ಹೊತ್ತ ಆಂಬುಲೆನ್ಸ್‌ಗಳು ಮಂಗಳೂರಿಗೋ ದೇರಳಕಟ್ಟೆಗೋ ಧಾವಿಸುವುದು ಈ ಕವಲಿನ ಮೂಲಕವೇ. ನಡುರಾತ್ರಿ ಅವರನ್ನು ಮೊದಲು ಎದುರುಗೊಳ್ಳುವವರು ಸಾಮಾನ್ಯವಾಗಿ ಕಸಿ ತಜ್ಞರಲ್ಲ, ಶಸ್ತ್ರಚಿಕಿತ್ಸಾ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳು.

ಅಂಗಾಂಗ ಕಸಿ ಎಂದೊಡನೆ ನಮಗೆ ನೆನಪಾಗುವುದು ಝೀರೋ ಟ್ರಾಫಿಕ್‌ನಲ್ಲಿ ಓಡುವ ವಾಹನ ಮತ್ತು ಮಹಾನಗರದ ಆಸ್ಪತ್ರೆ. ಆದರೆ ಮೃತ ದಾನಿಯ ಅಂಗಾಂಗಗಳ ಕಸಿ ನಿಜವಾಗಿ ಆರಂಭವಾಗುವುದು ತುರ್ತು ಘಟಕದಲ್ಲಿ. ಅಲ್ಲಿರುವ ವೈದ್ಯ ಮಿದುಳು ಸಾವನ್ನು ಸಕಾಲದಲ್ಲಿ ಗುರುತಿಸದೆ ಹೋದರೆ ಮುಂದಿನ ಹಂತಗಳಿಗೆ ಅವಕಾಶವೇ ಇಲ್ಲ. ಆರು ಕೋಟಿಗೂ ಮೀರಿದ ಜನಸಂಖ್ಯೆಯ ಕರ್ನಾಟಕದಲ್ಲಿ 2023ರಲ್ಲಿ ದೊರೆತ ಮೃತ ದಾನಿಗಳು 178 ಮಂದಿ. ಈ ಅಂತರಕ್ಕೆ ಜನರ ಹಿಂಜರಿಕೆಯನ್ನಷ್ಟೇ ದೂರಿ ಫಲವಿಲ್ಲ. ಕಸಿಯ ಮೂಲಜ್ಞಾನ ಶಸ್ತ್ರಚಿಕಿತ್ಸೆ ಕಲಿಯುವ ಪ್ರತಿಯೊಬ್ಬರ ಪಾಠವಾಗಬೇಕು.

ಮೊದಲ ಪಾಠ ಮಿದುಳು ಸಾವಿನದು. ಅದು ಕೋಮಾ ಅಲ್ಲ. ಉಸಿರಾಟವನ್ನು ನಿಯಂತ್ರಿಸುವ ಮಿದುಳು ಕಾಂಡವೇ ಮರಳಿ ಬಾರದಂತೆ ಸ್ಥಗಿತಗೊಂಡಿರುತ್ತದೆ. ಹೃದಯಕ್ಕೆ ತನ್ನದೇ ಮಿಡಿತದ ಕೇಂದ್ರ ಇರುವುದರಿಂದ, ವೆಂಟಿಲೇಟರ್ ಆಮ್ಲಜನಕ ಒದಗಿಸುವವರೆಗೆ ಅದು ಬಡಿಯುತ್ತಲೇ ಇರುತ್ತದೆ. ಬೆಳಕಿಗೆ ಕಣ್ಣಿನ ಪಾಪೆ ಕುಗ್ಗುತ್ತದೆಯೇ, ಕಿವಿಗೆ ತಣ್ಣೀರು ಬಿಟ್ಟಾಗ ಕಣ್ಣು ಚಲಿಸುತ್ತದೆಯೇ, ಗಂಟಲು ಕೆರಳಿಸಿದಾಗ ಕೆಮ್ಮು ಬರುತ್ತದೆಯೇ, ವೆಂಟಿಲೇಟರ್ ಬೇರ್ಪಡಿಸಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಲು ಬಿಟ್ಟಾಗ ಉಸಿರಾಟದ ಯತ್ನ ಕಾಣುತ್ತದೆಯೇ ಎಂಬ ಪರೀಕ್ಷೆಗಳನ್ನು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ನಡೆಸಬೇಕು.

ಅದಕ್ಕೂ ಮುನ್ನ ಮಿದುಳು ಸಾವನ್ನು ಅಣಕಿಸುವ ಇತರ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಿದ್ರೆಯ ಔಷಧ, ವಿಷ, ದೇಹದ ಶೀತಲತೆ ಇವೆಲ್ಲವೂ ಆ ಪಟ್ಟಿಯಲ್ಲಿವೆ. ನಮ್ಮ ಕಡೆಯ ವೈದ್ಯರು ವಿಶೇಷವಾಗಿ ನೆನಪಿಡಬೇಕಾದದ್ದು ಕಟ್ಟುಹಾವಿನ ಕಡಿತವನ್ನು. ಅದರ ವಿಷ ಸ್ನಾಯುಗಳನ್ನು ಎಷ್ಟು ಸ್ತಬ್ಧಗೊಳಿಸುತ್ತದೆಂದರೆ, ಪಾಪೆಯೂ ಕದಲದ ರೋಗಿ ಸತ್ತಂತೆಯೇ ತೋರಬಹುದು. ಕೆಲವು ದಿನ ಕೃತಕ ಉಸಿರಾಟ ಕೊಟ್ಟರೆ ಚೇತರಿಸಿಕೊಳ್ಳಲೂಬಹುದು.

ಎರಡನೆಯದು ಕಾನೂನಿನ ಪಾಠ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಮಿದುಳು ಸಾವನ್ನು ನಾಲ್ವರು ವೈದ್ಯರು ದೃಢೀಕರಿಸಬೇಕು. ಕಸಿ ತಂಡದವರು ಯಾರೂ ಅವರಲ್ಲಿ ಇರುವಂತಿಲ್ಲ. ನರರೋಗ ತಜ್ಞರು ಲಭ್ಯವಿಲ್ಲದ ಕಡೆ ಶಸ್ತ್ರವೈದ್ಯರನ್ನೇ ನಾಮನಿರ್ದೇಶನ ಮಾಡಲು 2011ರ ತಿದ್ದುಪಡಿ ಅವಕಾಶ ನೀಡಿದೆ. ಅಂದರೆ ಇಂದಿನ ವಿದ್ಯಾರ್ಥಿ ನಾಳೆ ಆ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾಗಬಹುದು. ಕಸಿ ನಡೆಸದ ಆಸ್ಪತ್ರೆಯೂ ತೀವ್ರ ನಿಗಾ ಘಟಕ ಮತ್ತು ಶಸ್ತ್ರಚಿಕಿತ್ಸಾ ಕೊಠಡಿ ಹೊಂದಿದ್ದರೆ, ದಾನಿಯಿಂದ ಅಂಗಾಂಗ ಪಡೆಯುವ ಕೇಂದ್ರವಾಗಿ ನೋಂದಣಿ ಮಾಡಿಕೊಳ್ಳಬಹುದು. ಅಂಗ ಯಾರಿಗೆ ಸಲ್ಲಬೇಕೆಂದು ನಿರ್ಧರಿಸುವುದು ವೈದ್ಯನ ಕೆಲಸವಲ್ಲ. ರಾಜ್ಯದಲ್ಲಿ ಅದನ್ನು ‘ಜೀವಸಾರ್ಥಕತೆ’ ಸಂಸ್ಥೆ ನಿರೀಕ್ಷಣಾ ಪಟ್ಟಿಯ ಆಧಾರದಲ್ಲಿ ನಿರ್ವಹಿಸುತ್ತದೆ.

ಮೂರನೆಯದು ದಾನಿಯ ಆರೈಕೆ. ಮಿದುಳು ಸತ್ತ ಬಳಿಕ ರಕ್ತದೊತ್ತಡ ಕುಸಿಯುತ್ತದೆ, ಮೂತ್ರ ಹೊಳೆಯಂತೆ ಹರಿಯುತ್ತದೆ, ಮೈ ತಣ್ಣಗಾಗುತ್ತದೆ. ದ್ರವ, ಹಾರ್ಮೋನು ಮತ್ತು ಬಿಸುಪು ಕೊಟ್ಟು ಕಾಪಾಡದಿದ್ದರೆ ಕೆಲವೇ ಗಂಟೆಗಳಲ್ಲಿ ಅಂಗಾಂಗಗಳು ಹಾಳಾಗುತ್ತವೆ. ‘ಇನ್ನೇನೂ ಉಳಿದಿಲ್ಲ’ ಎಂದು ವೈದ್ಯ ಕೈಚೆಲ್ಲುವ ಆ ಹೊತ್ತಿನಲ್ಲೇ ಹಲವರ ಬದುಕು ಅವನ ಕೈಯಲ್ಲಿರುತ್ತದೆ.

ಇನ್ನು ಶಸ್ತ್ರಚಿಕಿತ್ಸೆ. ರಕ್ತನಾಳಗಳನ್ನು ಹೊಲಿದು ಜೋಡಿಸುವ ವಿಧಾನವನ್ನು ರೂಪಿಸಿದ ಅಲೆಕ್ಸಿಸ್ ಕ್ಯಾರೆಲ್‌ಗೆ 1912ರಲ್ಲೇ ನೊಬೆಲ್ ಸಂದಿತ್ತು. ಬೋಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವಳಿಗಳ ನಡುವೆ ಮೂತ್ರಪಿಂಡ ಕಸಿಯಲ್ಲಿ ಯಶಸ್ವಿಯಾದದ್ದು 1954ರಲ್ಲಿ. ಇಂದಿಗೂ ಕಸಿಯ ಅಡಿಪಾಯ ಆ ಹೊಲಿಗೆಯೇ. ದಾನಿಯ ಮಹಾಪಧಮನಿಗೆ ತಡೆಹಾಕಿ ತಣ್ಣನೆಯ ಸಂರಕ್ಷಕ ದ್ರವ ಹರಿಸಿದ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ. ಹೃದಯಕ್ಕೆ ನಾಲ್ಕರಿಂದ ಆರು ಗಂಟೆ, ಯಕೃತ್ತಿಗೆ ಸುಮಾರು ಹನ್ನೆರಡು, ಮೂತ್ರಪಿಂಡಕ್ಕೆ ಒಂದು ದಿನವೋ ತುಸು ಹೆಚ್ಚೋ ಅವಧಿ. ಒಂದೇ ಮೂತ್ರಪಿಂಡಕ್ಕೆ ಎರಡು ಮೂರು ಅಪಧಮನಿಗಳಿರುವುದು ಅಪರೂಪವಲ್ಲ. ಅದನ್ನರಿಯದೆ ಒಂದನ್ನು ಕತ್ತರಿಸಿದರೆ ದಾನವೇ ವ್ಯರ್ಥವಾಗಬಹುದು.

ಕಸಿ ಮಾಡಿಸಿಕೊಂಡವರು ಊರಿಗೆ ಮರಳುತ್ತಾರೆ ಎಂಬುದನ್ನು ಪಠ್ಯ ಹಲವೊಮ್ಮೆ ಮರೆಯುತ್ತದೆ. ಹೊಟ್ಟೆನೋವೆಂದು ಅವರು ಬಂಟ್ವಾಳದ, ಬೆಳ್ತಂಗಡಿಯ, ಮೂಡುಬಿದಿರೆಯ ಶಸ್ತ್ರವೈದ್ಯರ ಬಳಿಗೆ ಬರುತ್ತಾರೆ. ಹೊಸ ಮೂತ್ರಪಿಂಡವನ್ನು ಕೂರಿಸುವುದು ಕಿಬ್ಬೊಟ್ಟೆಯ ಬದಿಯಲ್ಲಿ. ಹಳೆಯವನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಅದನ್ನು ಗೆಡ್ಡೆಯೆಂದು ಭಾವಿಸಬಾರದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳಿಂದಾಗಿ ಹೊಟ್ಟೆಯೊಳಗೆ ಕೀವಾಗಿದ್ದರೂ ಜ್ವರ ಕಾಣದಿರಬಹುದು. ಆ ಔಷಧಗಳನ್ನು ತಾವಾಗಿ ನಿಲ್ಲಿಸುವಂತಿಲ್ಲ. ಕೆಲವು ಪ್ರತಿಜೀವಕಗಳು ಟ್ಯಾಕ್ರೋಲಿಮಸ್‌ನ ಪ್ರಮಾಣವನ್ನು ರಕ್ತದಲ್ಲಿ ಅಪಾಯದ ಮಟ್ಟಕ್ಕೇರಿಸುತ್ತವೆ. ಕ್ಷಯದ ಔಷಧ ರಿಫಾಂಪಿಸಿನ್ ಇಳಿಸಿಬಿಡುತ್ತದೆ. ಸಾಧಾರಣ ನೋವಿನ ಮಾತ್ರೆಯೂ ಮೂತ್ರಪಿಂಡಕ್ಕೆ ಮಾರಕವಾಗಬಲ್ಲದು.

ಇವೆಲ್ಲಕ್ಕೂ ಮಿಗಿಲಾದದ್ದು ನಂಬಿಕೆ. ಬಡವರ ಮೂತ್ರಪಿಂಡಗಳು ಬಿಕರಿಯಾದ 1990ರ ದಶಕದ ಕಹಿಯನ್ನು ಬೆಂಗಳೂರು ಮರೆತಿಲ್ಲ. 2021ರ ಜೂನ್‌ನಲ್ಲಿ ಅಪಘಾತಕ್ಕೀಡಾದ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಕುಟುಂಬ ದಾನ ಮಾಡಿದ್ದನ್ನೂ ಇದೇ ನಾಡು ಕಂಡಿದೆ. ಸಾವಿನ ಸುದ್ದಿಯನ್ನು ಮೊದಲು ಸ್ಪಷ್ಟವಾಗಿ ತಿಳಿಸಿ, ಮನೆಯವರು ಅದನ್ನು ಅರಗಿಸಿಕೊಂಡ ಮೇಲಷ್ಟೇ ದಾನದ ಮಾತೆತ್ತಬೇಕು. ಆ ಮಾತನ್ನು ತರಬೇತಿ ಪಡೆದ ಸಂಯೋಜಕರೊಡಗೂಡಿ ಆಡಬೇಕು. ‘ಬದುಕುವ ಸಾಧ್ಯತೆ ಕಡಿಮೆ’ ಎಂಬ ಅರೆಮನಸ್ಸಿನ ಒಂದು ವಾಕ್ಯ ಸಾಕು, ಮನೆಯವರಲ್ಲಿ ಜೀವಮಾನದ ಸಂಶಯ ಬಿತ್ತಲು.

ದಕ್ಷಿಣ ಕನ್ನಡದಷ್ಟು ವೈದ್ಯಕೀಯ ಕಾಲೇಜುಗಳಿರುವ ಜಿಲ್ಲೆಗಳು ವಿರಳ. ಇಲ್ಲಿ ಮೂತ್ರಪಿಂಡ ಕಸಿಯೂ ನಡೆಯುತ್ತಿದೆ. ಹೀಗಿರುವಾಗ ಪ್ರತಿಯೊಬ್ಬ ಶಸ್ತ್ರಚಿಕಿತ್ಸಾ ವಿದ್ಯಾರ್ಥಿಯನ್ನು ಕೆಲವು ವಾರವಾದರೂ ಕಸಿ ಘಟಕಕ್ಕೆ ನಿಯೋಜಿಸುವುದು, ಮಿದುಳು ಸಾವಿನ ಪರೀಕ್ಷೆಯನ್ನು ಹಿರಿಯರ ಪಕ್ಕದಲ್ಲಿ ನಿಂತು ನೋಡಗೊಡುವುದು, ಮನೆಯವರೊಡನೆ ಮಾತನಾಡುವ ಕ್ರಮವನ್ನು ಕಲಿಸುವುದು ಅಸಾಧ್ಯವೇನಲ್ಲ. ಇದಕ್ಕೆ ಹೊಸ ಕಟ್ಟಡವಾಗಲಿ ದುಬಾರಿ ಯಂತ್ರವಾಗಲಿ ಬೇಡ. ವಿಭಾಗದ ಮುಖ್ಯಸ್ಥರ ಸಂಕಲ್ಪ ಸಾಕು. ಹೆದ್ದಾರಿಯ ಮುಂದಿನ ಅಪಘಾತ ಈ ಪಾಠ ಮುಗಿಯುವವರೆಗೆ ಕಾಯುವುದಿಲ್ಲ.