ಸಾಕ್ಷಿಗೆ ಬಸ್ ಚಾರ್ಜು ಕೊಡುವವರು ಯಾರು?

ಐಗಳಿಯಿಂದ ಬೆಳಗಾವಿಯ ಕೋರ್ಟಿಗೆ ಹೋಗಿ ಬರುವುದೆಂದರೆ ಒಂದು ದಿನ ಪೂರ್ತಿ ಬೇಕು. ಬಸ್ ಚಾರ್ಜು, ಊಟದ ಖರ್ಚು ಒಂದು ಕಡೆ. ಅವತ್ತಿನ ಕೂಲಿಯೂ ಹೋಯಿತು. ಕಬ್ಬು ಕಡಿಯುವ ಹಂಗಾಮಿನಲ್ಲಿ ಇಂಥ ನಾಲ್ಕು ದಿನ ಕಳೆದುಕೊಳ್ಳುವುದು ಬಡವರ ಮನೆಗೆ ಸಣ್ಣ ಮಾತಲ್ಲ. ಜಾತಿಯ ಕಾರಣಕ್ಕೆ ಯಾರನ್ನೋ ಹೊಡೆದದ್ದನ್ನು ಕಣ್ಣಾರೆ ಕಂಡವರೇ ಕೋರ್ಟಿಗೆ ಬರಲಾಗದಿದ್ದರೆ, ಕಾನೂನು ಎಷ್ಟು ಗಟ್ಟಿಯಿದ್ದರೇನು?

ಮಕ್ಕಳೇ, ಇಂಥ ಅಪರಾಧಗಳಿಗಾಗಿಯೇ 1989ರಲ್ಲಿ ಸಂಸತ್ತು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯನ್ನು ಮಾಡಿತು. ಕಾನೂನು ದಿಲ್ಲಿಯದು. ಆದರೆ ಪೊಲೀಸರು, ಸರ್ಕಾರಿ ವಕೀಲರು ರಾಜ್ಯದವರು. ಹಾಗಾದರೆ ಖರ್ಚು ಯಾರದು? ರಾಜ್ಯ ಮೊದಲಿನಿಂದ ಮಾಡುತ್ತಿದ್ದ ವೆಚ್ಚದ ಮೇಲೆ ಬೀಳುವ ಹೆಚ್ಚಿನ ಖರ್ಚಿನಲ್ಲಿ ಅರ್ಧವನ್ನು ಕೇಂದ್ರ ಕೊಡುತ್ತದೆ. ವಿಶೇಷ ನ್ಯಾಯಾಲಯ, ನೊಂದವರಿಗೆ ಪರಿಹಾರ ಎಲ್ಲವೂ ಇದರಲ್ಲಿ ಸೇರಿವೆ.

1995ರಲ್ಲಿ ಬಂದ ನಿಯಮಗಳಲ್ಲಿ ಹನ್ನೊಂದನೆಯದು ನನಗೆ ಬಹಳ ಮೆಚ್ಚುಗೆಯಾದದ್ದು. ನೊಂದವರಿಗೂ ಸಾಕ್ಷಿಗಳಿಗೂ ಹೋಗಿಬರುವ ಚಾರ್ಜು, ಊಟದ ಖರ್ಚು, ಕನಿಷ್ಠ ಕೂಲಿಗೆ ಕಡಿಮೆಯಾಗದ ದಿನಭತ್ಯೆ ಕೊಡಬೇಕು. ಅದೂ ಕೂಡಲೇ, ತಡವೆಂದರೆ ಮೂರು ದಿನದೊಳಗೆ. ಹೆಂಗಸರು, ಚಿಕ್ಕ ಮಕ್ಕಳು, ಅರವತ್ತು ದಾಟಿದ ಅಜ್ಜ-ಅಜ್ಜಿಯರು ತಮಗೆ ಬೇಕಾದ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಆ ಜೊತೆಗಾರರ ಖರ್ಚೂ ಸರ್ಕಾರದ್ದೇ.

ಸಾಕ್ಷಿ ನಿಲ್ಲದಿದ್ದರೆ ಏನಾಗುತ್ತದೆ? 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಆ ತೀರ್ಪನ್ನೇ ಎತ್ತಿಹಿಡಿಯಿತು. ಬಸ್ ಚಾರ್ಜೊಂದೇ ಸಾಲದು, ಹೆದರಿಕೆಯೂ ಹೋಗಬೇಕಲ್ಲ! 2015ರ ತಿದ್ದುಪಡಿಯಲ್ಲಿ ಸಾಕ್ಷಿಗಳ ರಕ್ಷಣೆಗೆಂದೇ ಪ್ರತ್ಯೇಕ ಅಧ್ಯಾಯ ಸೇರಿತು.

2014ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಈ ಸಲ ಪ್ರಕರಣ ಕೊನೆಯವರೆಗೂ ನಿಂತಿತು. ಹತ್ತು ವರ್ಷ ಹಿಡಿಯಿತು ನಿಜ. ಅಷ್ಟರಲ್ಲಿ ಕೆಲವು ಆರೋಪಿಗಳೇ ತೀರಿಕೊಂಡಿದ್ದರು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 101 ಜನ ತಪ್ಪಿತಸ್ಥರೆಂದು ಹೇಳಿ, 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳು ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು.

ಖರ್ಚಿನ ಈ ತೊಡಕು ನಮ್ಮಲ್ಲಷ್ಟೇ ಇಲ್ಲ. 1998ರಲ್ಲಿ ಅಮೆರಿಕದ ಲಾರಮಿ ಎಂಬ ಸಣ್ಣ ಊರಿನಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ ವಿದ್ಯಾರ್ಥಿಯನ್ನು ದ್ವೇಷದಿಂದ ಕೊಂದರು. ಆ ಪ್ರಕರಣದ ವೆಚ್ಚ ತಾಳಲಾರದೆ ಅಲ್ಲಿನ ಪೊಲೀಸ್ ಕಚೇರಿ ತನ್ನ ಐದು ಸಿಬ್ಬಂದಿಯನ್ನು ಸಂಬಳವಿಲ್ಲದೆ ಮನೆಗೆ ಕಳಿಸಬೇಕಾಯಿತು. 2009ರಲ್ಲಿ ಅವನ ಹೆಸರನ್ನೂ, 1998ರಲ್ಲೇ ಟೆಕ್ಸಾಸ್‌ನಲ್ಲಿ ಕೊಲೆಯಾದ ಕಪ್ಪು ಜನಾಂಗದ ಜೇಮ್ಸ್ ಬರ್ಡ್ ಹೆಸರನ್ನೂ ಹೊತ್ತ ಕಾನೂನು ಬಂತು. ಇಂಥ ಪ್ರಕರಣಗಳಿಗೆ ಕೇಂದ್ರದ ತಜ್ಞರ ನೆರವೂ, ಒಂದು ಊರಿಗೆ ವರ್ಷಕ್ಕೆ 1 ಲಕ್ಷ ಡಾಲರ್‌ವರೆಗಿನ ಹಣವೂ ಸಿಗುವಂತಾಯಿತು. ಹಳ್ಳಿಗಾಡಿಗೆ ಮೊದಲ ಆದ್ಯತೆ.

ನಮ್ಮಲ್ಲಿ ದೂರು ಹೇಳಲು 14566 ಎಂಬ ಉಚಿತ ಸಹಾಯವಾಣಿ 2021ರ ಡಿಸೆಂಬರ್‌ನಿಂದ ಇದೆ. ಅಜ್ಜನ ಫೋನಿನಲ್ಲಿ ಇದನ್ನು ಸೇವ್ ಮಾಡಿಕೊಡುವ ಕೆಲಸ ಮೊಮ್ಮಕ್ಕಳದು.