ಒಂದೇ ಹೆಡರ್, ಹಲವು ಬಾಯ್ಲರ್: ಸರದಿ ಫಲಕದ ಕೆಲಸ

ಬಾಗಲಕೋಟೆ ಜಿಲ್ಲೆಯಲ್ಲಿ ಉಗಿಯ ಬೇಡಿಕೆ ಹೆಚ್ಚಾಗಿ ಕಾಣುವುದು ಸಕ್ಕರೆ ಕಾರ್ಖಾನೆಗಳಲ್ಲಿ. ಸಮೀರವಾಡಿಯ ಗೋದಾವರಿ, ಮುಧೋಳದ ನಿರಾಣಿ, ತಿಮ್ಮಾಪುರದ ರೈತರ ಸಹಕಾರಿ ಕಾರ್ಖಾನೆಗಳ ಹೆಸರು ಕಬ್ಬು ಬೆಳೆಯುವವರಿಗೆಲ್ಲ ಪರಿಚಿತವಾದದ್ದೇ. ಆದರೆ ಉಗಿ ಮತ್ತು ಬಿಸಿನೀರಿನ ಅಗತ್ಯ ಅಲ್ಲಿಗೇ ಮುಗಿಯುವುದಿಲ್ಲ. ಬಾಗಲಕೋಟೆಯ ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆಯ ಉಪಕರಣಗಳನ್ನು 121 ಅಥವಾ 134 ಡಿಗ್ರಿ ಸೆಲ್ಸಿಯಸ್ ಉಗಿಯಲ್ಲಿ ಶುದ್ಧಗೊಳಿಸಬೇಕು, ಬಾದಾಮಿಯ ಹೋಟೆಲುಗಳಲ್ಲಿ ಪ್ರವಾಸಿಗರು ಬೆಳಗಿನ ಒಂದೆರಡು ಗಂಟೆಯೊಳಗೇ ಬಿಸಿನೀರು ಬಳಸಿ ಮುಗಿಸುತ್ತಾರೆ, ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕಲು ಹದವಾದ ಶಾಖದ ನೀರು ಬೇಕು. ಇವೆಲ್ಲ ಕಡೆ ಬೇಡಿಕೆ ಗಳಿಗೆಗೊಮ್ಮೆ ಏರಿಳಿಯುತ್ತದೆ. ಒಂದಕ್ಕಿಂತ ಹೆಚ್ಚು ಬಾಯ್ಲರ್‌ಗಳಿರುವಲ್ಲಿ ಯಾವುದು ಉರಿಯಬೇಕು, ಎಷ್ಟು ಉರಿಯಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಆ ಏರಿಳಿತಕ್ಕೆ ತಕ್ಕಂತೆ ತೀರ್ಮಾನಿಸುವ ಸಾಧನವೇ ಸರದಿ ನಿಯಂತ್ರಣ ಫಲಕ. ಕೆಲಸಗಾರರ ಮಾತಿನಲ್ಲಿ ಸೀಕ್ವೆನ್ಸಿಂಗ್ ಪ್ಯಾನಲ್.

ಒಂದು ದೊಡ್ಡ ಬಾಯ್ಲರಿನ ಬದಲು ಎರಡು ಮೂರು ಮಧ್ಯಮ ಗಾತ್ರದವನ್ನು ಇಡುವುದಕ್ಕೆ ಗಟ್ಟಿಯಾದ ಕಾರಣಗಳಿವೆ. ಒಂದು ಕೆಟ್ಟರೆ ಇನ್ನೊಂದು ಕೆಲಸ ಸಾಗಿಸುತ್ತದೆ ಎಂಬುದು ಮೊದಲನೆಯದು. ಎರಡನೆಯದು ತಪಾಸಣೆಯದು: ಕಾನೂನಿನ ಪ್ರಕಾರ ಬಾಯ್ಲರಿಗೆ ಕೊಡುವ ಪ್ರಮಾಣಪತ್ರದ ಅವಧಿ ಸಾಮಾನ್ಯವಾಗಿ 12 ತಿಂಗಳು ಮೀರುವುದಿಲ್ಲ. ತಪಾಸಣೆಗಾಗಿ ಅದನ್ನು ಆರಿಸಿ, ತಣಿಸಿ, ತೆರೆದಿಡಬೇಕಾಗುತ್ತದೆ, ಆ ದಿನಗಳಲ್ಲೂ ಆಸ್ಪತ್ರೆಗೆ ಉಗಿ ಬೇಕೇ ಬೇಕು. ಮೂರನೆಯ ಕಾರಣ ಇಂಧನದ್ದು. ರಾತ್ರಿಯ ಅಲ್ಪ ಬೇಡಿಕೆಗಾಗಿ ದೊಡ್ಡ ಬಾಯ್ಲರನ್ನು ಬಿಸಿಯಾಗಿ ಇಟ್ಟಿರುವುದು ನಷ್ಟದ ವ್ಯವಹಾರ. ಬಾಯ್ಲರಿನ ಮೈಯಿಂದ ಹೊರಸೂಸುವ ಶಾಖ ಹೊರೆ ಕಡಿಮೆಯಾದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪೂರ್ಣ ಹೊರೆಯಲ್ಲಿ ಆ ನಷ್ಟ ಇಂಧನದ ಶೇ. 1ರಷ್ಟಿದ್ದರೆ ಕಾಲುಭಾಗದ ಹೊರೆಯಲ್ಲಿ ಅದೇ ನಷ್ಟ ಶೇ. 4ರಷ್ಟಾಗುತ್ತದೆ.

ಹಳೆಯ ಸಣ್ಣ ಬಾಯ್ಲರ್‌ಗಳ ಬರ್ನರ್‌ಗೆ ಎರಡೇ ಸ್ಥಿತಿ ಗೊತ್ತು: ಪೂರ್ತಿ ಉರಿಯುವುದು ಅಥವಾ ಪೂರ್ತಿ ಆರುವುದು. ಮಾಡ್ಯುಲೇಟಿಂಗ್ ಬಾಯ್ಲರಿನಲ್ಲಿ ಹಾಗಲ್ಲ. ಸ್ನಾನದ ಹಂಡೆಯ ಒಲೆಗೆ ಕಟ್ಟಿಗೆಯನ್ನು ಒಳಕ್ಕೆ ನೂಕಿ ಹೊರಕ್ಕೆ ಎಳೆದು ಉರಿಯನ್ನು ಹದಮಾಡುವಂತೆ ಇಲ್ಲಿ ಇಂಧನ ಮತ್ತು ಗಾಳಿ ಎರಡನ್ನೂ ಒಟ್ಟಿಗೆ ಹೆಚ್ಚು ಕಡಿಮೆ ಮಾಡಿ ಜ್ವಾಲೆಯನ್ನು ಬೇಡಿಕೆಗೆ ಹೊಂದಿಸಲಾಗುತ್ತದೆ. ಗರಿಷ್ಠ ಉರಿಗೂ ಆರದೆ ನಿಲ್ಲುವ ಕನಿಷ್ಠ ಉರಿಗೂ ಇರುವ ಅನುಪಾತವನ್ನು ಟರ್ನ್‌ಡೌನ್ ಎನ್ನುತ್ತಾರೆ. ಅದು 5ಕ್ಕೆ 1 ಇದ್ದರೆ ಗಂಟೆಗೆ 2 ಟನ್ ಉಗಿ ಕೊಡುವ ಬಾಯ್ಲರ್ 400 ಕೆ.ಜಿ.ವರೆಗೆ ಇಳಿಯಬಲ್ಲದು, ಅದಕ್ಕಿಂತ ಕಡಿಮೆ ಸಾಕಾದರೆ ಆರಿ ಮತ್ತೆ ಹೊತ್ತಿಕೊಳ್ಳಲೇಬೇಕು. ಹೀಗೆ ಆರಿ ಹೊತ್ತುವ ಪ್ರತಿ ಸಲವೂ ಒಲೆಯೊಳಗೆ ಉರಿಯದೆ ಉಳಿದಿರಬಹುದಾದ ಅನಿಲವನ್ನು ಹೊರದೂಡಲು ಫ್ಯಾನು ತಣ್ಣಗಿನ ಗಾಳಿಯನ್ನು ಬೀಸುತ್ತದೆ. ಪರ್ಜ್ ಎಂದು ಕರೆಯುವ ಈ ಕ್ರಿಯೆ ಸ್ಫೋಟವನ್ನು ತಡೆಯಲು ಅನಿವಾರ್ಯ, ಆದರೆ ಗಾಳಿಯೊಡನೆ ಬಾಯ್ಲರಿನ ಶಾಖವೂ ಚಿಮಣಿಯ ದಾರಿ ಹಿಡಿಯುತ್ತದೆ. ಆದ್ದರಿಂದ ಅನಗತ್ಯವಾಗಿ ಹೊತ್ತಿ ಆರುವುದನ್ನು ತಪ್ಪಿಸುವುದೇ ಸರದಿ ಫಲಕದ ಮುಖ್ಯ ಉಳಿತಾಯ.

ಫಲಕದ ಲೆಕ್ಕಾಚಾರವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಗಂಟೆಗೆ 2 ಟನ್ ಸಾಮರ್ಥ್ಯದ ಮೂರು ಬಾಯ್ಲರ್‌ಗಳ ಉಗಿ ಹೆಡರ್ ಎಂಬ ಒಂದೇ ದಪ್ಪ ಕೊಳವೆಗೆ ಬಂದು ಸೇರುತ್ತದೆ ಎಂದಿಟ್ಟುಕೊಳ್ಳೋಣ. ಆ ಕ್ಷಣದ ಬೇಡಿಕೆ 2.6 ಟನ್. ಫಲಕವಿಲ್ಲದೆ ಪ್ರತಿಯೊಂದೂ ತನ್ನ ಒತ್ತಡದ ಸ್ವಿಚ್ಚಿನ ಮಾತನ್ನಷ್ಟೇ ಕೇಳುವಂತಿದ್ದರೆ ಮೂರೂ ಹೊತ್ತಿಕೊಂಡು, ಒತ್ತಡ ತಟ್ಟನೆ ಏರಿ, ಮೂರೂ ಒಟ್ಟಿಗೆ ಆರುವ ಆಟ ಶುರುವಾಗುತ್ತದೆ. ಫಲಕವಿದ್ದಲ್ಲಿ ಮುಂಚೂಣಿಯ ಬಾಯ್ಲರ್ ಮೊದಲು ಹೊತ್ತುತ್ತದೆ. ಅದರ ಹೊರೆ ಶೇ. 90 ದಾಟಿ, ನಿಗದಿಪಡಿಸಿದಷ್ಟು ನಿಮಿಷ ಅಲ್ಲಿಯೇ ನಿಂತು, ಹೆಡರ್ ಒತ್ತಡವೂ ಇಳಿಯತೊಡಗಿದರೆ ಮಾತ್ರ ಎರಡನೆಯದಕ್ಕೆ ಕರೆ ಹೋಗುತ್ತದೆ, ಮೂರನೆಯದು ಹೊತ್ತುವುದೇ ಇಲ್ಲ. ಬೇಡಿಕೆ ಇಳಿದಾಗ ಎರಡನೆಯದನ್ನು ಯಾವಾಗ ಆರಿಸಬೇಕೆಂಬುದು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. 1.8 ಟನ್ನಿಗೆ ಸೇರಿಸಿದ್ದನ್ನು 1.75 ಟನ್ನಿಗೇ ಕೈಬಿಟ್ಟರೆ ಅದು ಮರುಗಳಿಗೆಯೇ ಮತ್ತೆ ಬೇಕಾಗುತ್ತದೆ. ಒಟ್ಟು ಬೇಡಿಕೆ 1.4 ಟನ್ನಿಗೆ, ಎಂದರೆ ಒಂದೇ ಬಾಯ್ಲರ್ ತನ್ನ ಶೇ. 70ರಲ್ಲಿ ನಿಭಾಯಿಸಬಲ್ಲ ಮಟ್ಟಕ್ಕೆ ಇಳಿಯುವವರೆಗೆ ಕಾದು ಬಿಟ್ಟರೆ ಹೊಯ್ದಾಟ ನಿಲ್ಲುತ್ತದೆ. ಸೇರಿಸುವ ಮತ್ತು ಬಿಡುವ ಮಟ್ಟಗಳ ನಡುವಿನ ಈ ಅಂತರವನ್ನು ಎಷ್ಟು ಯೋಚಿಸಿ ಇಡುತ್ತಾರೋ ಫಲಕ ಅಷ್ಟು ಚೆನ್ನಾಗಿ ನಡೆಯುತ್ತದೆ. ಮಾರಾಟದ ಕಾಗದದಲ್ಲಿ ಬರೆದ ಉಳಿತಾಯ ಕೈಗೆ ಬಾರದಿರುವ ಕಡೆಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಇಂಥ ಫಲಕಗಳ ಬಹುಪಾಲು ಕೈಪಿಡಿಗಳು ಚಳಿದೇಶಗಳ ಕಟ್ಟಡ ಬಿಸಿಮಾಡುವ ವ್ಯವಸ್ಥೆಯನ್ನು ಕಣ್ಣಮುಂದಿಟ್ಟುಕೊಂಡು ಬರೆದವು. ಹೊರಗಿನ ಹವೆ ತಣ್ಣಗಾದಂತೆ ನೀರಿನ ಶಾಖವನ್ನು ಏರಿಸುವ ಸೌಲಭ್ಯ ಅವುಗಳಲ್ಲಿ ಇರುತ್ತದೆ, ಅದು ಬಾಗಲಕೋಟೆಗೆ ಬೇಕಿಲ್ಲ. ಎಲ್ಲ ಬಾಯ್ಲರ್‌ಗಳನ್ನೂ ಸಣ್ಣ ಉರಿಯಲ್ಲಿ ಒಟ್ಟಿಗೆ ನಡೆಸಿರೆಂಬ ಸಲಹೆಯೂ ಅಲ್ಲಿ ಸಾಮಾನ್ಯ. ನೈಸರ್ಗಿಕ ಅನಿಲ ಉರಿಯುವ, ವಾಪಸು ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದಾಗ ಹೊಗೆಯಲ್ಲಿನ ನೀರಾವಿಯನ್ನೂ ದ್ರವವಾಗಿಸಿ ಅದರ ಶಾಖವನ್ನು ಹಿಂಪಡೆಯುವ ಕಂಡೆನ್ಸಿಂಗ್ ಬಾಯ್ಲರಿಗೆ ಆ ಸಲಹೆ ಸರಿ. ಉಗಿ ಬಾಯ್ಲರಿಗೆ ಅದನ್ನು ಹಾಗೆಯೇ ಅನ್ವಯಿಸುವುದು ತಪ್ಪು. ಕಡಿಮೆ ಸಂಖ್ಯೆಯ ಬಾಯ್ಲರ್‌ಗಳನ್ನು ಒಳ್ಳೆಯ ಹೊರೆಯಲ್ಲಿ ನಡೆಸುವುದೇ ಇಲ್ಲಿನ ಸರಿಯಾದ ಕ್ರಮ. ತಣ್ಣಗಿರುವ ಉಗಿ ಬಾಯ್ಲರ್ ಕರೆದ ಕೂಡಲೇ ಸಿದ್ಧವಾಗುವುದೂ ಇಲ್ಲ. ಅದನ್ನು ಅವಸರದಿಂದ ಬಿಸಿಮಾಡಿದರೆ ಲೋಹ ಅಸಮವಾಗಿ ಹಿಗ್ಗಿ ಬೆಸುಗೆಗಳಿಗೆ ಪೆಟ್ಟಾಗುತ್ತದೆ, ಆದಕಾರಣ ಮುಂದಿನ ಸರದಿಯದನ್ನು ಆಗಾಗ ಸ್ವಲ್ಪ ಉರಿಸಿ ಬೆಚ್ಚಗೆ ಕಾಯ್ದಿರಿಸಬೇಕಾಗುತ್ತದೆ. ಎಲ್ಲ ಬಾಯ್ಲರ್‌ಗಳೂ ಸಮವಾಗಿ ಸವೆಯಲೆಂದು ಮುಂಚೂಣಿಯ ಸ್ಥಾನವನ್ನು ಗಂಟೆಗಳ ಲೆಕ್ಕದಲ್ಲಿ ಬದಲಿಸುತ್ತಿರುವ ಕೆಲಸವನ್ನೂ ಫಲಕವೇ ಮಾಡುತ್ತದೆ.

ಸಕ್ಕರೆ ಕಾರ್ಖಾನೆಯಲ್ಲಿ ಇದೇ ತತ್ತ್ವ ದೊಡ್ಡ ಪ್ರಮಾಣದಲ್ಲಿ ಕೆಲಸಮಾಡುತ್ತದೆ. ಅಲ್ಲಿನ ಇಂಧನ ಕಬ್ಬು ನುರಿಸಿದ ಮೇಲೆ ಉಳಿಯುವ ಬಗಾಸ್ ಎಂಬ ಸಿಪ್ಪೆ. ಕಬ್ಬಿನ ತೂಕದ ಶೇ. 30ರ ಆಸುಪಾಸಿನಷ್ಟು ದೊರೆಯುವ ಅದರಲ್ಲಿ ಅರ್ಧದಷ್ಟು ತೇವವೇ ಇರುತ್ತದೆ. ಸಹವಿದ್ಯುತ್ ಘಟಕಗಳ ಬಾಯ್ಲರ್‌ಗಳು ಪ್ರತಿ ಚದರ ಸೆಂಟಿಮೀಟರಿಗೆ 45, 67, 87 ಕೆ.ಜಿ.ಯಂಥ ಒತ್ತಡದಲ್ಲಿ ಉಗಿ ಕೊಡುತ್ತವೆ; ಅದು ಟರ್ಬೈನ್ ತಿರುಗಿಸಿ ವಿದ್ಯುತ್ತಾಗಿ, ಉಳಿದ ಕಡಿಮೆ ಒತ್ತಡದ ಉಗಿ ಕಬ್ಬಿನ ಹಾಲನ್ನು ಕಾಯಿಸಿ ಗಟ್ಟಿಮಾಡುತ್ತದೆ. ಹಂಗಾಮಿನ ನಡುವೆ ಗಾಣಗಳಲ್ಲಿ ಕಬ್ಬು ಸಿಕ್ಕಿಕೊಂಡೋ ಕಬ್ಬಿನ ಗಾಡಿಗಳು ಬಾರದೆಯೋ ನುರಿಸುವುದು ನಿಂತರೆ ಉಗಿಯ ಬೇಡಿಕೆ ಹಠಾತ್ತನೆ ಕುಸಿಯುತ್ತದೆ, ಆದರೆ ಒಲೆಯ ಮೇಲೆ ಬಿದ್ದ ಬಗಾಸ್ ಅನಿಲದಂತೆ ಗುಂಡಿ ಒತ್ತಿದಾಕ್ಷಣ ಆರುವುದಿಲ್ಲ. ಹೆಚ್ಚಿದ ಒತ್ತಡ ಸುರಕ್ಷತಾ ವಾಲ್ವಿನಿಂದ ಹೊರಬಿದ್ದರೆ ಶುದ್ಧೀಕರಿಸಿದ ನೀರೂ ಇಂಧನವೂ ಒಟ್ಟಿಗೆ ಆಕಾಶಕ್ಕೆ ಹೋದಂತೆ. ಇದನ್ನು ತಡೆಯಲು ಹೆಡರ್ ಒತ್ತಡವನ್ನು ಅಳೆಯುವ ಪ್ರಧಾನ ನಿಯಂತ್ರಕವೊಂದು ಒಂದು ಬಾಯ್ಲರನ್ನು ಸ್ಥಿರ ಹೊರೆಯಲ್ಲಿಟ್ಟು, ಇನ್ನೊಂದರ ಬಗಾಸ್ ಫೀಡರುಗಳ ಮತ್ತು ಗಾಳಿಯ ಫ್ಯಾನುಗಳ ವೇಗವನ್ನು ಮಾತ್ರ ಏರಿಳಿಸುವ ವ್ಯವಸ್ಥೆ ಇರುತ್ತದೆ. ಸಣ್ಣ ಬಾಯ್ಲರ್ ಮನೆಯ ಸರದಿ ಫಲಕಕ್ಕೂ ಇದಕ್ಕೂ ಇರುವುದು ಗಾತ್ರದ ವ್ಯತ್ಯಾಸ ಮತ್ತು ಘನ ಇಂಧನಕ್ಕಾಗಿ ಹೆಚ್ಚು ಕಾಯಬೇಕಾದ ಸಹನೆಯ ವ್ಯತ್ಯಾಸ.

ಫಲಕವನ್ನು ಅಳವಡಿಸುವಾಗ ಮೊದಲು ನಿರ್ಧರಿಸಬೇಕಾದದ್ದು ಸೆನ್ಸರ್ ಎಲ್ಲಿ ಕೂರಬೇಕೆಂಬುದನ್ನು. ಎಲ್ಲ ಬಾಯ್ಲರ್‌ಗಳ ಕೊಳವೆಗಳು ಬಂದು ಸೇರಿದ ನಂತರದ ಸಾಮಾನ್ಯ ಹೆಡರಿನಲ್ಲಿಯೇ ಅದು ಇರಬೇಕು. ಮುಂಚೂಣಿಯ ಬಾಯ್ಲರಿನ ಬಾಯಿಯಲ್ಲಿ ಕೂರಿಸಿದರೆ ಆ ಬಾಯ್ಲರ್ ಸರದಿ ಮುಗಿಸಿ ಆರಿದಾಗ ಸೆನ್ಸರಿಗೆ ತಂಪೇ ಕಾಣುತ್ತದೆ, ಹೆಡರಿನಲ್ಲಿ ಬೇಕಾದಷ್ಟು ಶಾಖವಿದ್ದರೂ ಫಲಕ ಉಳಿದೆಲ್ಲವನ್ನೂ ಎಬ್ಬಿಸುತ್ತದೆ. ಬಿಸಿನೀರಿನ ವ್ಯವಸ್ಥೆಯಲ್ಲಿ ಸೆನ್ಸರಿನ ತುದಿ ಹರಿಯುವ ನೀರಿನ ನಡುವಿಗೆ ತಲುಪುವಷ್ಟು ಉದ್ದದ ಲೋಹದ ಕವಚದೊಳಗೆ ಇರಬೇಕು. ಉಗಿಯಾದರೆ ಒತ್ತಡದ ಸೆನ್ಸರಿಗೂ ಹೆಡರಿಗೂ ನಡುವೆ ಸುರುಳಿಯಾಕಾರದ ಸೈಫನ್ ಕೊಳವೆ ಬೇಕು. ಅದರಲ್ಲಿ ನಿಂತ ನೀರು ಸುಡುವ ಉಗಿ ನೇರವಾಗಿ ಸೆನ್ಸರನ್ನು ಮುಟ್ಟದಂತೆ ತಡೆಯುತ್ತದೆ. ಪ್ರತಿ ಉಗಿ ಬಾಯ್ಲರಿನ ಹೊರದಾರಿಯಲ್ಲಿ ಹಿಂದಕ್ಕೆ ಹರಿಯಲು ಬಿಡದ ವಾಲ್ವ್ ಇರುವುದನ್ನೂ ಖಚಿತಪಡಿಸಿಕೊಳ್ಳಬೇಕು, ಇಲ್ಲವಾದರೆ ಹೆಡರಿನ ಉಗಿ ಸುಮ್ಮನಿರುವ ಬಾಯ್ಲರಿಗೆ ನುಗ್ಗಿ ತಣಿದು ಅದನ್ನು ನೀರಿನಿಂದ ತುಂಬಿಸುತ್ತದೆ.

ಸೆನ್ಸರಿನಿಂದ ಫಲಕಕ್ಕೂ ಫಲಕದಿಂದ ಬರ್ನರ್‌ಗಳಿಗೂ ಸಂದೇಶ ಹೋಗುವುದು ಹೆಚ್ಚಾಗಿ 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಪ್ರವಾಹದ ರೂಪದಲ್ಲಿ. ಕನಿಷ್ಠ ಮಟ್ಟವನ್ನು ಸೊನ್ನೆಯ ಬದಲು 4 ಎಂದು ಇಟ್ಟಿರುವುದರಿಂದ ತಂತಿ ತುಂಡಾಗಿ ಪ್ರವಾಹ ಸೊನ್ನೆಗೆ ಇಳಿದರೆ ಅದು ದೋಷವೆಂದು ಫಲಕಕ್ಕೆ ಕೂಡಲೇ ತಿಳಿಯುತ್ತದೆ. ಈ ತಂತಿಗಳು ಲೋಹದ ಹೊದಿಕೆಯವಾಗಿದ್ದು, ಪಂಪು ಫ್ಯಾನುಗಳ ಕೇಬಲ್‌ಗಳಿಂದ ದೂರ ಹಾದು, ಹೊದಿಕೆ ಫಲಕದ ಒಂದೇ ತುದಿಯಲ್ಲಿ ಭೂಮಿಗೆ ಸೇರಿರಬೇಕು. ಎರಡೂ ತುದಿಗಳನ್ನು ಅರ್ತ್ ಮಾಡಿದರೆ ಹೊದಿಕೆಯಲ್ಲೇ ಪ್ರವಾಹ ಸುತ್ತಿ ಅಳತೆ ಕುಣಿಯುತ್ತದೆ. ಎಲೆಕ್ಟ್ರಾನಿಕ್ ಭಾಗಗಳು ತಾಳುವ ಸುತ್ತಲಿನ ಶಾಖದ ಮಿತಿ ಸಾಮಾನ್ಯವಾಗಿ 50 ಡಿಗ್ರಿಯ ಆಸುಪಾಸು. ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಬಾಯ್ಲರ್ ಮನೆಯ ಒಳಗೋಡೆಗೆ ಫಲಕವನ್ನು ತೂಗಿದರೆ ಆ ಮಿತಿ ಮೀರುವುದು ಕಷ್ಟವಲ್ಲ; ಗಾಳಿಯಾಡುವ ಬೇರೆ ಕೋಣೆ ಉತ್ತಮ. ಇಳಕಲ್, ಹುನಗುಂದ ಭಾಗದಲ್ಲಿ ಗ್ರಾನೈಟ್ ಕೊರೆದು ನಯಗೊಳಿಸುವ ಘಟಕಗಳ ಹತ್ತಿರವಿದ್ದರೆ ದೂಳು ಒಳಸೇರದ ಪೆಟ್ಟಿಗೆಯೂ ಅಗತ್ಯ. ಹೆಸ್ಕಾಂ ವಿದ್ಯುತ್ ಸರಬರಾಜು ಹೋಗಿ ಬಂದಾಗ ಎಲ್ಲ ಬಾಯ್ಲರ್‌ಗಳೂ ಏಕಕಾಲಕ್ಕೆ ಏಳದೆ ಒಂದರ ನಂತರ ಒಂದು ಏಳುವಂತೆ ವಿಳಂಬ ಹೊಂದಿಸಿ, ಫಲಕಕ್ಕಷ್ಟೇ ಒಂದು ಯುಪಿಎಸ್ ಕೊಟ್ಟರೆ ಅರ್ಧ ತೊಂದರೆ ಕಳೆಯುತ್ತದೆ.

ಸರದಿ ಫಲಕ ಸುರಕ್ಷತೆಯ ಸಾಧನವಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನೀರು ಕಡಿಮೆಯಾದರೆ ಉರಿ ನಿಲ್ಲಿಸುವ ಸ್ವಿಚ್ಚು, ಗರಿಷ್ಠ ಒತ್ತಡದ ಕಡಿತ, ಜ್ವಾಲೆಯನ್ನು ಕಾಯುವ ಸಾಧನ, ಸುರಕ್ಷತಾ ವಾಲ್ವ್ ಇವೆಲ್ಲ ಆಯಾ ಬಾಯ್ಲರಿಗೆ ಸೇರಿದವು. ಫಲಕ ಉರಿಯಲು ಅನುಮತಿ ಕೇಳಬಹುದೇ ಹೊರತು ಅವುಗಳ ನಿರಾಕರಣೆಯನ್ನು ದಾಟಿ ಉರಿಸುವಂತೆ ಎಂದೂ ತಂತಿ ಜೋಡಿಸಬಾರದು. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ನಂತರ 1864ರಲ್ಲಿ ಬಂಗಾಳದಲ್ಲಿ ಬಂದ ಕಾಯ್ದೆ, ಅನಂತರ ಇಡೀ ದೇಶಕ್ಕೆ ಬಂದ 1923ರ ಕಾಯ್ದೆ, ಈಗ ಅದರ ಸ್ಥಾನದಲ್ಲಿರುವ 2025ರ ಬಾಯ್ಲರ್ ಕಾಯ್ದೆ ಇವುಗಳ ಕಾಳಜಿ ಒಂದೇ, ಬಾಯ್ಲರಿನ ಸುರಕ್ಷತೆ. ಕರ್ನಾಟಕದಲ್ಲಿ ಇದರ ಹೊಣೆ ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯದು. ಪ್ರಮಾಣಪತ್ರ ಪಡೆದ ಅಟೆಂಡೆಂಟ್ ಇರಬೇಕಾದ ಬಾಯ್ಲರ್ ಮನೆಯಲ್ಲಿ ಫಲಕ ಬಂತೆಂದು ಅವರನ್ನು ಬೇರೆ ಕೆಲಸಕ್ಕೆ ಕಳಿಸುವುದು ಕಾನೂನಿಗೂ ವಿವೇಕಕ್ಕೂ ವಿರುದ್ಧ.

ಚಾಲನೆಯ ದಿನ ಪ್ರತಿ ಬಾಯ್ಲರನ್ನು ಮೊದಲು ಕೈಯಿಂದ ಒಂಟಿಯಾಗಿ ನಡೆಸಿ, ಅದರ ಕಡಿತಗಳೆಲ್ಲ ಸರಿಯಾಗಿ ಕೆಲಸಮಾಡುತ್ತವೆಂದು ಕಂಡ ಮೇಲೆಯೇ ಫಲಕದ ಅಧೀನಕ್ಕೆ ಕೊಡಬೇಕು. ಬಳಿಕ ಸೆನ್ಸರಿನ ತಂತಿಯನ್ನು ಬೇಕೆಂದೇ ಕಳಚಿ ಎಚ್ಚರಿಕೆಯ ಗಂಟೆ ಬಾರಿಸುವುದೇ ಎಂದು, ಮುಂಚೂಣಿಯದನ್ನು ನಿಲ್ಲಿಸಿ ಮುಂದಿನದು ಏಳುವುದೇ ಎಂದು, ಕರೆಂಟು ತೆಗೆದು ಕೊಟ್ಟು ಸರದಿ ತಪ್ಪುವುದೇ ಎಂದು ನೋಡಬೇಕು.

ಇಷ್ಟಾದರೂ ನೀರಿನ ಮಾತು ಉಳಿಯುತ್ತದೆ, ಬಾಗಲಕೋಟೆಯ ಮಟ್ಟಿಗೆ ಅದು ಕೊನೆಯ ಮಾತಲ್ಲ, ಮೊದಲನೆಯದು. ಈ ಜಿಲ್ಲೆಯ ಕಲಾದಗಿಯ ಹೆಸರನ್ನೇ ಭೂವಿಜ್ಞಾನಿಗಳು ಇಲ್ಲಿನ ಪ್ರಾಚೀನ ಶಿಲಾಸಮೂಹಕ್ಕೆ ಇಟ್ಟಿದ್ದಾರೆ. ಬಾದಾಮಿಯ ಗುಹೆಗಳನ್ನು ಕೊರೆದದ್ದು ಮರಳುಗಲ್ಲಿನಲ್ಲಾದರೆ ಬಾಗಲಕೋಟೆ, ಲೋಕಾಪುರದ ಸುತ್ತ ಸುಣ್ಣಕಲ್ಲು ಹರಡಿದೆ. ಸುಣ್ಣಕಲ್ಲಿನ ಮೂಲಕ ಇಳಿದ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿ ಬರುತ್ತವೆ. ಕಾಯಿಸಿದಾಗ ಅವು ಕೊಳವೆಗಳ ಮೈಗೆ ಗಟ್ಟಿಯಾಗಿ ಅಂಟುತ್ತವೆ. ನೀರಿನ ಬದಿಯಲ್ಲಿ 1 ಮಿಲಿಮೀಟರ್ ಪದರ ಕಟ್ಟಿದರೆ ಇಂಧನದ ಖರ್ಚು ಶೇ. 5ರಿಂದ 8ರಷ್ಟು ಏರಬಹುದೆಂದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊ ಅಂದಾಜಿಸಿದೆ. ಅತ್ಯುತ್ತಮ ಫಲಕವೂ ಈ ನಷ್ಟವನ್ನು ತುಂಬಿಕೊಡಲಾರದು. ಬಾಯ್ಲರಿಗೆ ಹೋಗುವ ನೀರಿನ ಶಾಖವನ್ನು 6 ಡಿಗ್ರಿ ಏರಿಸಿದರೆ ಸುಮಾರು ಶೇ. 1ರಷ್ಟು ಇಂಧನ ಉಳಿಯುತ್ತದೆಂಬುದು ಅದೇ ಬ್ಯೂರೊದ ಇನ್ನೊಂದು ಲೆಕ್ಕ. ತಣಿದು ನೀರಾದ ಉಗಿಯನ್ನು ಚರಂಡಿಗೆ ಬಿಡದೆ ಹಿಂದಕ್ಕೆ ತಂದರೆ ಅಷ್ಟು ಶಾಖ ಪುಕ್ಕಟೆಯಾಗಿ ಸಿಗುತ್ತದೆ, ಲವಣವಿಲ್ಲದ ನೀರೂ ಸಿಗುತ್ತದೆ.

ಆದ್ದರಿಂದ ಫಲಕ ಕೊಳ್ಳಲು ಹೊರಟಿರುವ ಆಸ್ಪತ್ರೆ, ವಸತಿನಿಲಯ, ಕಾರ್ಖಾನೆಗಳ ಆಡಳಿತದವರು ಮೊದಲು ತಮ್ಮ ನೀರಿನ ಗಡಸುತನವನ್ನು ಪರೀಕ್ಷಿಸಿ ಮೆದುಗೊಳಿಸುವ ಘಟಕವನ್ನು ಸರಿಪಡಿಸಿಕೊಳ್ಳಲಿ, ಕೆಲವು ವಾರ ಗಂಟೆಗಂಟೆಯ ಬೇಡಿಕೆಯನ್ನು ಪುಸ್ತಕದಲ್ಲಿ ಬರೆಸಲಿ, ಫಲಕ ಬಂದ ಮೇಲೆ ಅದರ ಹೊಂದಾಣಿಕೆಗಳನ್ನೂ ಎಚ್ಚರಿಕೆಗಳ ಅರ್ಥವನ್ನೂ ಕನ್ನಡದಲ್ಲಿ ಬರೆಸಿ ಅದರ ಪಕ್ಕದಲ್ಲೇ ತೂಗುಹಾಕಲಿ. ರಾತ್ರಿ ಪಾಳಿಯಲ್ಲಿ ಅದನ್ನು ಓದಬೇಕಾದವರು ಅಟೆಂಡೆಂಟರು.